ಗೊತ್ತಿಲ್ಲ ಎನ್ನುವ ಆಲಿಮರು
ಚಿಕ್ಕಮಗಳೂರಿನ ನಮ್ಮ ಬೀದಿಯ ಮಸೀದಿಯಲ್ಲಿದ್ದ ವಯಸ್ಸಾದ ಮೌಲವಿಯವರು ಆಷಾಢದ ಜಡಿಮಳೆಯಲ್ಲೂ ಮುಂಜಾನೆಯ ಫಜರ್ ನಮಾಜಿನ ಅಜಾನಿಗೆ ಗಂಟೆ ಮೊದಲೇ ಎದ್ದು, ತಣ್ಣೀರಿನಲ್ಲಿ ವುಜೂ (ನಮಾಜಿಗೆ ಮುನ್ನ ಮುಖ, ಕೈಕಾಲು ತೊಳೆಯುವ ಶುದ್ಧಿ) ಮಾಡಿ, ಸದ್ದಿಲ್ಲದೆ ತಹಜ್ಜುದ್ ನಮಾಜಿಗೆ ನಿಲ್ಲುತ್ತಿದ್ದರು. ಕಡ್ಡಾಯವಲ್ಲದ ಈ ರಾತ್ರಿಯ ನಮಾಜನ್ನು ಆಲಿಮರಿಂದ, ಅಂದರೆ ಇಸ್ಲಾಮಿನ ಧರ್ಮವಿದ್ವಾಂಸರಿಂದ, ವಿಶೇಷವಾಗಿ ನಿರೀಕ್ಷಿಸುವುದು, ಕಲಿತದ್ದು ನಾಲಿಗೆಯಲ್ಲಷ್ಟೇ ಉಳಿಯಬಾರದೆಂಬ ಕಾರಣಕ್ಕೆ. ಕುರ್‌ಆನ್ ಪಾರಾಯಣ, ಸೋಮವಾರ ಮತ್ತು ಗುರುವಾರದ ಐಚ್ಛಿಕ ಉಪವಾಸಗಳೂ ಇವೆ. ಆದರೆ ನನಗೆ ಇವೆಲ್ಲಕ್ಕಿಂತ ಕಠಿಣವೆನಿಸುವುದು ಫತ್ವಾ, ಅಂದರೆ ಕೇಳಿದ ಪ್ರಶ್ನೆಗೆ ಧಾರ್ಮಿಕ ಅಭಿಪ್ರಾಯ, ನೀಡುವಾಗಿನ ಸಂಯಮ. 795ರಲ್ಲಿ ಮದೀನಾದಲ್ಲಿ ತೀರಿಕೊಂಡ ಹೆಸರಾಂತ ಧರ್ಮವಿದ್ವಾಂಸ ಇಮಾಮ್ ಮಾಲಿಕ್ ಅವರು ತಮ್ಮ ಮುಂದಿಟ್ಟ 48 ಪ್ರಶ್ನೆಗಳಲ್ಲಿ 32ಕ್ಕೆ ‘ಗೊತ್ತಿಲ್ಲ’ ಎಂದರೆಂಬುದು ಪ್ರಸಿದ್ಧ ಉಲ್ಲೇಖ. ನಮ್ಮ ಮೌಲವಿಯವರೂ ಒಮ್ಮೆ, ಕಾಫಿ ತೋಟದ ಪಾಲಿನ ತಕರಾರು ತಂದ ಅಣ್ಣತಮ್ಮಂದಿರಿಗೆ ಚಹಾ ಕೊಟ್ಟು, ‘ಕಿತಾಬು ನೋಡದೆ ಹೇಳಲಾರೆ, ಶುಕ್ರವಾರ ಬನ್ನಿ’ ಎಂದರು. ಅಣ್ಣತಮ್ಮಂದಿರು ತಂದಿದ್ದ ಏಲಕ್ಕಿ ಪೊಟ್ಟಣವನ್ನೂ ಅವರ ಕೈಗೇ ಹಿಂದಿರುಗಿಸಿದರು.