ಆ ಕ್ಲಾಸಿಗೆ ಹೋದರೆ ಹುಡುಗಿಯರು ಮನೇಲಿ ಜಗಳ ತೆಗೀತಾರಾ?

ಹಾಸನದ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ಜೊತೆಗೆ ಜೆಂಡರ್ ಸ್ಟಡೀಸ್‌ನ ಮೊದಲ ಹಂತದ ಪೇಪರ್ ಕೂಡ ನನ್ನದೇ. ಬಿಎ, ಬಿಕಾಂ, ಬಿಎಸ್ಸಿ, ಯಾರು ಬೇಕಾದರೂ ಅದನ್ನು ತಗೊಳ್ಳಬಹುದು. ಪೋಷಕರ ಸಭೆಯಲ್ಲಿ, ಮದುವೆ ಮನೆಯಲ್ಲಿ, ಬೇಲೂರು ಬಸ್ಸಿನಲ್ಲಿ ಕೂಡ ಜನ ಈ ಪೇಪರ್ ಬಗ್ಗೆ ಒಂದೇ ಮಾತು ಕೇಳುತ್ತಾರೆ. "ಅಲ್ಲ ಮೇಡಂ, ಆ ಕ್ಲಾಸಿಗೆ ಹೋದ ಹುಡುಗಿಯರು ಮನೇಲಿ ಜಗಳ ತೆಗೀತಾರಂತಲ್ಲ, ಹೌದಾ?" ಕೆಲವರು ಇನ್ನೂ ಮುಂದೆ ಹೋಗುತ್ತಾರೆ: "ಗಂಡಸರನ್ನ ಬೈಯೋದು ಹೇಳಿಕೊಡ್ತೀರಂತೆ?"

ಬೈಯೋದನ್ನು ನಾನು ಹೇಳಿಕೊಡುವುದಿಲ್ಲ. ಜಗಳದ ಮಾತಿಗೆ ಬಂದರೆ, ಕೆಲವು ಮನೆಗಳಲ್ಲಿ ಆಗುತ್ತದೆ, ನಿಜ. ಯಾವ ವಿಷಯಕ್ಕೆ ಆಗುತ್ತದೆ ಅನ್ನೋದನ್ನು ಹೇಳುತ್ತೇನೆ, ಆಮೇಲೆ ನೀವೇ ಯೋಚಿಸಿ.

ಈ ಪೇಪರ್‌ಗೆ ಬರುವವರಲ್ಲಿ ಜಾಸ್ತಿ ಜನ ಇಷ್ಟಪಟ್ಟು ಬಂದವರಲ್ಲ. ಬೇರೆ ಪೇಪರ್‌ನಲ್ಲಿ ಸೀಟು ಸಿಗದವರು, ಬೇಗ ಬಿಟ್ಟರೆ ಊರಿನ ಬಸ್ಸು ಸಿಗುತ್ತೆ ಅಂತ ಬಂದವರು. ಹುಡುಗರು ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕೂರುತ್ತಾರೆ, ಬೈಸಿಕೊಳ್ಳೋಕೆ ತಯಾರಾಗಿ. ಹುಡುಗಿಯರಿಗೆ 'ಇದೆಲ್ಲ ಗೊತ್ತಿರೋದೇ' ಅನ್ನುವ ಭಾವನೆ. ಗಂಡು ಹೆಣ್ಣು ಅಂತ ಹುಟ್ಟಿನಿಂದ ಬರುವ ದೇಹ ಬೇರೆ, ಅವರವರಿಗೆ ಸಮಾಜ ಹಂಚಿಕೊಟ್ಟ ನಡವಳಿಕೆ ಬೇರೆ. ಪುಸ್ತಕದ ಮೊದಲ ಪಾಠ ಇದು. ಒಂದು ಗಂಟೆಯಲ್ಲಿ ಬರೆಸಿ ಮುಗಿಸಬಹುದು, ಪರೀಕ್ಷೆಯಲ್ಲಿ ಎಲ್ಲರೂ ಸರಿಯಾಗಿ ಬರೆಯುತ್ತಾರೆ. ಮನಸ್ಸಿಗೆ ಇಳಿಯೋದು ಮಾತ್ರ ಮನೆಯಲ್ಲಿ ಮಾಡಿಕೊಂಡು ಬನ್ನಿ ಅಂತ ಕೊಡುವ ಕೆಲಸದಿಂದ.

ಆ ಕೆಲಸ ಇಷ್ಟೇ. ಅಮ್ಮ, ಅಪ್ಪ ಏಳೋದರಿಂದ ಮಲಗೋವರೆಗೆ ಏನೇನು ಮಾಡುತ್ತಾರೆ, ಎಷ್ಟು ಹೊತ್ತು ಮಾಡುತ್ತಾರೆ ಅಂತ ಬರೆಯಬೇಕು. ಚನ್ನರಾಯಪಟ್ಟಣದ ಕಡೆಯ ಒಬ್ಬ ಹುಡುಗ "ನಮ್ಮಮ್ಮ ಕೆಲಸಕ್ಕೆ ಹೋಗಲ್ಲ ಮೇಡಂ, ಮನೇಲೇ ಇರ್ತಾರೆ" ಅಂದಿದ್ದ. ಅವನು ಬರೆದು ತಂದದ್ದು ನೋಡಿ. ಕೊಟ್ಟಿಗೆಯ ಸಗಣಿ ಬಾಚೋದು, ಹಾಲು ಕರೆಯೋದು, ಡೇರಿಗೆ ಹಾಕಿ ಬರೋದು, ತಿಂಡಿ, ಡಬ್ಬಿ, ಹುಲ್ಲು ಕೊಯ್ಯೋದು, ಬೂಸಾ ಕಲಸೋದು, ಮುದ್ದೆ, ಸಾರು, ಅಜ್ಜಿಗೆ ಮಾತ್ರೆ, ಬಟ್ಟೆ, ಸಂಜೆ ಮತ್ತೆ ಹಾಲು. ಹಾಳೆ ಸಾಲದೆ ಹಿಂದೆಯೂ ಬರೆದಿದ್ದ. ಓದಿ ಮುಗಿಸಿದ ಮೇಲೆ, ಯಾರೂ ಕೇಳದೆ ಅವನೇ ಹೇಳಿದ: "ಹಾಲಿನ ದುಡ್ಡು ಅಪ್ಪನ ಖಾತೆಗೆ ಬೀಳುತ್ತೆ ಮೇಡಂ. ಡೇರಿ ಪುಸ್ತಕದಲ್ಲಿ ಅಪ್ಪನ ಹೆಸರಿದೆ." ನಮ್ಮನೇಲೂ ಹಾಗೇ, ನಮ್ಮನೇಲೂ ಹಾಗೇ ಅಂತ ಎಷ್ಟೊಂದು ದನಿ ಬಂತು!

ಇದಾದ ಮೇಲೆ ನಾನು ಬೋರ್ಡಿನ ಮೇಲೆ ಸರ್ಕಾರದ ಲೆಕ್ಕ ಬರೆಯುತ್ತೇನೆ. 2019ರಲ್ಲಿ ಕೇಂದ್ರ ಸರ್ಕಾರ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಆಗ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಇದು ಮನೆಗೆಲಸಕ್ಕೆ ಕೈ ಹಾಕಿದವರ ಲೆಕ್ಕ ಮಾತ್ರ. ಹಾಗೆ ಕೈ ಹಾಕಿದವರು ಹೆಂಗಸರಲ್ಲಿ ನೂರಕ್ಕೆ 81 ಮಂದಿ, ಗಂಡಸರಲ್ಲಿ 26 ಮಂದಿ. ಈ ಅಂಕಿಗಳನ್ನು ಮೊದಲ ದಿನವೇ ಬರೆದಿದ್ದರೆ ಹುಡುಗರು ವಾದಕ್ಕೆ ಬರುತ್ತಿದ್ದರು. ಅಮ್ಮನ ಹಾಳೆ ಕೈಯಲ್ಲಿ ಇರುವಾಗ ಯಾರೂ ವಾದ ಮಾಡುವುದಿಲ್ಲ. "ನಮ್ಮಮ್ಮಂದು ಇದಕ್ಕಿಂತ ಜಾಸ್ತಿ ಬರುತ್ತೆ" ಅಂತ ಕೂಡಿಸೋಕೆ ಶುರು ಮಾಡುತ್ತಾರೆ.

ವಾದ ಜೋರಾಗುವುದು ಕೂಲಿಯ ವಿಷಯಕ್ಕೆ. ಸಕಲೇಶಪುರ, ಬೇಲೂರು, ಆಲೂರಿನ ಕಡೆ ಕಾಫಿ ತೋಟಗಳಿವೆ. ಕ್ಲಾಸಿನಲ್ಲಿ ತೋಟದ ಮಾಲೀಕರ ಮಕ್ಕಳೂ ಇರುತ್ತಾರೆ, ಲೈನ್ ಮನೆಯಿಂದ, ಅಂದರೆ ತೋಟದ ಕೂಲಿಯವರ ಸಾಲುಮನೆಯಿಂದ ಬರುವವರೂ ಇರುತ್ತಾರೆ. ಗಂಡಾಳಿಗೆ ಇಷ್ಟು, ಹೆಣ್ಣಾಳಿಗೆ ಇಷ್ಟು ಅನ್ನೋ ಮಾತು ಎಲ್ಲರಿಗೂ ಗೊತ್ತು. ಒಂದೇ ಕೆಲಸಕ್ಕೆ ಗಂಡಿಗೂ ಹೆಣ್ಣಿಗೂ ಸಮಾನ ಕೂಲಿ ಕೊಡಬೇಕು ಅನ್ನುವ ಕಾನೂನು 1976ರಲ್ಲೇ ಬಂತು ಅಂದಾಗ, ತೋಟದಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿರುವವರ ಮಗ ಒಬ್ಬ ಎದ್ದು ನಿಂತ. "ಕೆಲಸ ಒಂದೇ ಅಲ್ವಲ್ಲ ಮೇಡಂ. ಮರಗಸಿಗೆ, ನೆರಳಿನ ಮರದ ಕೊಂಬೆ ಕಡಿಯೋಕೆ, ಮರ ಹತ್ತೋದು ಗಂಡಸರು. ಕೈ ತಪ್ಪಿದ್ರೆ ಪ್ರಾಣ ಹೋಗುತ್ತೆ." ಸರಿಯಾದ ಮಾತು. ಅಪಾಯದ ಕೆಲಸಕ್ಕೆ ಹೆಚ್ಚು ಕೂಲಿ ಇರಲೇಬೇಕು ಅಂತ ನಾನೂ ಹೇಳಿದೆ. ಆಗ ಮುಂದಿನ ಸಾಲಿನ ಹುಡುಗಿ ಕೇಳಿದಳು: "ಮರ ಹತ್ತದ ದಿನ? ಇಬ್ಬರೂ ಕಳೆ ತೆಗೆಯೋ ದಿನ ಅವರಿಗ್ಯಾಕೆ ಜಾಸ್ತಿ?" ಅವಳ ಅಮ್ಮ ಕಾಫಿ ಕುಯ್ಯುವವರು. ಕುಯ್ಲಿನಲ್ಲಿ ಕೆ.ಜಿ. ಲೆಕ್ಕದಲ್ಲಿ ದುಡ್ಡು ಬಂದಾಗ ತನ್ನ ಅಮ್ಮನೇ ಅಪ್ಪನಿಗಿಂತ ಮುಂದೆ ಇರ್ತಾಳೆ, ಕೈ ಅಷ್ಟು ಚುರುಕು ಅಂದಳು. ರೈಟರ್ ಮಗನಿಗೆ ಉತ್ತರ ಸಿಗಲಿಲ್ಲ. ಅಪ್ಪನನ್ನು ಕೇಳಿಕೊಂಡು ಬರ್ತೀನಿ ಅಂದ. ಕೇಳಿಕೊಂಡೂ ಬಂದ. ಅಪ್ಪ ಹೇಳಿದ್ದು "ಮೊದಲಿಂದ ಹಾಗೇ ಇದೆ" ಅಂತ.

ಅದೇ ಹುಡುಗಿ ಇನ್ನೊಂದು ದಿನ ಹೇಳಿದ ಮಾತು ನನ್ನ ಪಾಠವನ್ನೇ ಬದಲಿಸಿತು. ಹೆಂಗಸರು ಹೊಸಿಲು ದಾಟಿ ದುಡಿಯೋದು ಬಿಡುಗಡೆಯ ದಾರಿ ಅಂತ ಪುಸ್ತಕ ಹೇಳುತ್ತಿತ್ತು. ಅವಳೆಂದಳು, "ನಮ್ಮಜ್ಜಿ, ಅಮ್ಮ ಇಬ್ಬರೂ ಹುಟ್ಟಿದಾಗಿಂದ ಹೊರಗೇ ದುಡೀತಿದ್ದಾರೆ ಮೇಡಂ. ಒಂದು ದಿನ ಮನೇಲಿ ಕೂರಬೇಕು ಅನ್ನೋದೇ ಅಮ್ಮನ ಆಸೆ." ಮಾಲೀಕರ ಮನೆಯ ಹುಡುಗಿಗೆ ಕೆಲಸಕ್ಕೆ ಹೋಗೋ ಸ್ವಾತಂತ್ರ್ಯ ಬೇಕು. ಲೈನ್ ಮನೆಯ ಹೆಂಗಸಿಗೆ ವಿಶ್ರಾಂತಿ ಬೇಕು, ತೋಟದಲ್ಲಿ ಶೌಚಾಲಯ ಬೇಕು, ಮಗುವನ್ನು ನೋಡಿಕೊಳ್ಳಲು ಒಂದು ಜಾಗ ಬೇಕು. ಜಾತಿ, ಜಮೀನು ಬಿಟ್ಟು ಹೆಣ್ಣಿನ ಕಷ್ಟದ ಮಾತಾಡೋಕೆ ಆಗಲ್ಲ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಇದನ್ನು ಮಾತಾಡಿದ್ದು ಆ ಕ್ಲಾಸಿನಲ್ಲಿ ಮಾತ್ರ.

ಇನ್ನು ಜಗಳ. ಅದು ಬರೋದು ಆಸ್ತಿಯ ಪಾಠದಿಂದ. ತಟ್ಟೆ ತೊಳೆಯೋ ವಿಷಯಕ್ಕೆ ಅಣ್ಣನ ಜೊತೆ ಕಿತ್ತಾಡೋದನ್ನು ನಾನು ಲೆಕ್ಕಕ್ಕೆ ಹಿಡಿಯೋದಿಲ್ಲ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಅಂತ ಕರ್ನಾಟಕ ತಂದ ತಿದ್ದುಪಡಿ 1994ರ ಜುಲೈ 30ರಂದು ಜಾರಿಗೆ ಬಂತು. ಆದರೆ ಅದಕ್ಕೆ ಮೊದಲು ಮದುವೆಯಾದವರಿಗೆ ಅದು ಅನ್ವಯಿಸುತ್ತಿರಲಿಲ್ಲ. ಅಂದರೆ ಒಂದೇ ಮನೆಯ ದೊಡ್ಡತ್ತೆಗೆ ಪಾಲಿಲ್ಲ, ಚಿಕ್ಕತ್ತೆಗೆ ಉಂಟು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂತು, ಮದುವೆಯ ಭೇದ ಹೋಯಿತು. 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಇದು ಹುಟ್ಟಿನಿಂದಲೇ ಬರುವ ಹಕ್ಕು, 2005ರಲ್ಲಿ ತಂದೆ ಬದುಕಿರಬೇಕು ಅಂತೇನಿಲ್ಲ ಅಂತ ಸ್ಪಷ್ಟ ಮಾಡಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕಾನೂನು ಪ್ರಕಾರ ರಿಜಿಸ್ಟರ್ ಆಗಿ ಭಾಗ ಆಗಿದ್ದರೆ ಅದನ್ನು ಮತ್ತೆ ಕೆದಕುವ ಹಾಗಿಲ್ಲ.

ಪಾಠ ಇಷ್ಟೇ. ಆದರೆ ಮನೆಮನೆಯಲ್ಲಿ ನಡೆಯೋದು ಬೇರೆ. ಅರಿಶಿನ ಕುಂಕುಮಕ್ಕೆ ಅಂತ ಸೀರೆ, ಸ್ವಲ್ಪ ದುಡ್ಡು ಕೊಟ್ಟು ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಹಾಕದಿದ್ದರೆ ತವರಿನ ಬಾಗಿಲು ಮುಚ್ಚುತ್ತೆ ಅನ್ನುವ ಹೆದರಿಕೆ. ಹೊಳೆನರಸೀಪುರದ ಕಡೆಯ ಒಬ್ಬಳು ಮನೆಗೆ ಹೋಗಿ "ಅಪ್ಪಾ, ಪಹಣಿ ಯಾರ ಹೆಸರಲ್ಲಿದೆ? ಅತ್ತೆಯರ ಹತ್ರ ಸಹಿ ಹಾಕಿಸಿಕೊಂಡ್ರಾ?" ಅಂತ ಕೇಳಿದಳು. ಮನೆಯಲ್ಲಿ ದೊಡ್ಡ ಗಲಾಟೆ. ಅವಳ ಅಪ್ಪ ಕಾಲೇಜಿಗೇ ಬಂದರು. "ಓದೋಕೆ ಕಳಿಸಿದ್ದಾ, ಪಾಲು ಕೇಳೋಕೆ ಕಳಿಸಿದ್ದಾ?" ಅಂತ ನನ್ನ ಮೇಲೆ ರೇಗಿದರು. ಕೂರಿಸಿ, ಟೀ ತರಿಸಿ, ಕಾನೂನು ಏನಿದೆ ಅಂತ ವಿವರವಾಗಿ ಹೇಳಿದೆ. ಪಹಣಿ ಇನ್ನೂ ತೀರಿಹೋದ ತಾತನ ಹೆಸರಲ್ಲೇ ಇತ್ತು. ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಯೂ ಆಗಿರಲಿಲ್ಲ. ಅವರು ಒಪ್ಪಿಕೊಂಡೇನೂ ಹೋಗಲಿಲ್ಲ. ಆದರೆ ಮಗಳನ್ನು ಕಾಲೇಜು ಬಿಡಿಸಲಿಲ್ಲ. ಆ ಹುಡುಗಿ ಕೇಳಿದ್ದು ತಪ್ಪು ಅಂತ ನಿಮಗೆ ಅನ್ನಿಸುತ್ತಾ? ನನಗೆ ಅನ್ನಿಸುವುದಿಲ್ಲ.

ಈಗ ಹುಡುಗರ ಮಾತು. ಇಡೀ ಸೆಮಿಸ್ಟರ್‌ನಲ್ಲಿ ನಾನು ಕಾಯುವ ಕ್ಲಾಸು ಅಂದರೆ ಅದೇ. ಅರಸೀಕೆರೆ ಕಡೆಯ ಒಬ್ಬ ಹುಡುಗ ಕೇಳಿದ: "ಮೇಡಂ, ಹುಡುಗಿಯರು ರೈತರನ್ನ ಮದುವೆ ಆಗಲ್ಲ ಅಂತಾರಲ್ಲ, ಅದು ಸರೀನಾ? ನಮ್ಮಣ್ಣನಿಗೆ ಮೂವತ್ತಾರು. ತೆಂಗಿನ ತೋಟ ಇದೆ, ಬೋರ್ ಇದೆ, ಹೆಣ್ಣು ಸಿಕ್ತಿಲ್ಲ." ಕೇಳುವಾಗ ಅವನ ಗಂಟಲು ಕಟ್ಟಿತ್ತು. ಇದು ಅವನೊಬ್ಬನ ಮನೆಯ ಕಥೆಯೂ ಅಲ್ಲ. 2023ರ ಫೆಬ್ರವರಿಯಲ್ಲಿ ಮಂಡ್ಯದ ಕಡೆಯ ಮದುವೆಯಾಗದ ಗಂಡುಮಕ್ಕಳು ಹೆಣ್ಣು ಸಿಗಲಿ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದದ್ದು ಎಲ್ಲರೂ ಓದಿದ್ದೇವೆ.

ಒಬ್ಬಳು ಹುಡುಗಿ ಉತ್ತರ ಕೊಟ್ಟಳು. "ನಿಮ್ಮಮ್ಮನ ಹಾಳೆ ತೆಗೆದು ನೋಡು. ಆ ಕೆಲಸ ಎಲ್ಲ ನಾಳೆ ಬರೋ ಸೊಸೆದೇ ಅಲ್ವಾ? ತೋಟ ಇದೆ ಅಂತೀಯ, ಅದರಲ್ಲಿ ಅವಳ ಹೆಸರು ಇರುತ್ತಾ?" ಅವನು ಬೇಜಾರು ಮಾಡಿಕೊಳ್ಳಲಿಲ್ಲ. "ಅದಕ್ಕೆ ಅಣ್ಣನ ತಪ್ಪೇನು?" ಅಂದ. ನಿಜ, ಅಣ್ಣನ ತಪ್ಪಿಲ್ಲ. ಅಲ್ಲಿಂದ ಮಾತು ಎಲ್ಲೆಲ್ಲಿಗೋ ಹೋಯಿತು. ಹೆಣ್ಣುಮಕ್ಕಳೇ ಕಡಿಮೆ ಇರೋದು ಯಾಕೆ? ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಅಂತ ಸ್ಕ್ಯಾನಿಂಗ್‌ನಲ್ಲಿ ಹೇಳಬಾರದು ಅಂತ 1994ರಲ್ಲೇ ಕಾನೂನು ಮಾಡಿದ್ದರೂ, 2023ರಲ್ಲಿ ಮಂಡ್ಯದ ಒಂದು ಆಲೆಮನೆಯಲ್ಲಿ ಆ ಪತ್ತೆ ನಡೆಯುತ್ತಿದ್ದದ್ದು ಬಯಲಾಯಿತು. ಆವತ್ತು ಹುಟ್ಟಲು ಬಿಡದ ಹೆಣ್ಣುಮಕ್ಕಳನ್ನು ಇವತ್ತು ಹುಡುಕಿದರೆ ಎಲ್ಲಿಂದ ಬರಬೇಕು? ಮದುವೆ ಮನೆಗಳಲ್ಲಿ "ನಿನ್ನ ಊಟ ಯಾವಾಗಪ್ಪ ಹಾಕಿಸೋದು?" ಅಂತ ಕೇಳ್ತಾರೆ ಅಂತ ಅಣ್ಣ ಮದುವೆಗಳಿಗೆ ಹೋಗೋದನ್ನೇ ಬಿಟ್ಟಿದ್ದಾನೆ ಅಂದ ಆ ಹುಡುಗ. ಹಿಂದಿನ ಬೆಂಚಿನವರು ಒಬ್ಬೊಬ್ಬರಾಗಿ ಬಾಯಿಬಿಟ್ಟರು. ಅಳಬಾರದು, ಸಾಲ ತೀರಿಸಬೇಕು, ತಂಗಿಯ ಮದುವೆ ಮಾಡಿಸಬೇಕು. ಬೆಲ್ ಹೊಡೆದರೂ ಯಾರೂ ಏಳಲಿಲ್ಲ. ಗಂಡಸರನ್ನು ಬೈಯುವ ಕ್ಲಾಸು ಅಂತ ಹೇಳುವವರು ಆ ದಿನ ಇರಬೇಕಿತ್ತು.

ಲಿಂಗತ್ವ ಅಲ್ಪಸಂಖ್ಯಾತರ ಪಾಠದಲ್ಲಿ ಮಾತ್ರ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಚೀಟಿ ಬರೆದು ಕೊಡುತ್ತಾರೆ. ಅವರನ್ನು ಮೂರನೇ ಲಿಂಗ ಅಂತ ಗುರುತಿಸಿದ 2014ರ ಸುಪ್ರೀಂ ಕೋರ್ಟ್ ತೀರ್ಪು ಹೇಳುತ್ತೇನೆ. ಪದ್ಮಶ್ರೀ ತಗೊಳ್ಳುವ ಮುಂಚೆ ರಾಷ್ಟ್ರಪತಿಗೆ ಸೆರಗಿನಿಂದ ದೃಷ್ಟಿ ತೆಗೆದ, ಲಿಂಗತ್ವ ಅಲ್ಪಸಂಖ್ಯಾತ ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರ ವಿಡಿಯೋ ಎಲ್ಲರೂ ನೋಡಿರುತ್ತಾರೆ, ಅಲ್ಲಿಂದ ಶುರು ಮಾಡಿದರೆ ಮುಜುಗರ ಕಡಿಮೆ. ಬಸ್ ಸ್ಟ್ಯಾಂಡಿನಲ್ಲಿ ಅವರನ್ನು ರೇಗಿಸೋದನ್ನು ಬಿಟ್ಟಿದ್ದೀನಿ ಅಂತ ಒಂದು ಚೀಟಿ ಬಂದಿತ್ತು. ಹೆಸರು ಬರೆದಿರಲಿಲ್ಲ.

ಕೆಲಸಕ್ಕೆ ಉಪಯೋಗ ಏನು ಅಂತಲೂ ಕೇಳುತ್ತಾರೆ. ಈ ಒಂದು ಪೇಪರ್‌ನಿಂದ ಕೆಲಸ ಸಿಗಲ್ಲ. ಸ್ಪರ್ಧಾತ್ಮಕ ಪರೀಕ್ಷೆಯ ಪ್ರಬಂಧಕ್ಕೆ, ಬಿಎಡ್‌ಗೆ ನೆರವಾಗಬಹುದು. ಮಕ್ಕಳ ನಿಜವಾದ ಕಷ್ಟ ಬೇರೆ. ಓದೋಕೆ ಕನ್ನಡದಲ್ಲಿ ಸಾಕಷ್ಟು ಸಾಮಗ್ರಿ ಇಲ್ಲ. ಇಂಗ್ಲಿಷ್ ನೋಟ್ಸ್ ಬಾಯಿಪಾಠ ಮಾಡುತ್ತಾರೆ, ಅವರದೇ ಮನೆಯ ವಿಷಯ ಅವರಿಗೆ ಅರ್ಥವಾಗದ ಭಾಷೆಯಲ್ಲಿ ಇರುತ್ತದೆ. ಇದಕ್ಕೆ ನನಗೆ ತುಂಬಾ ನೋವಿದೆ.

ಜಗಳದ ಪ್ರಶ್ನೆ ಕೇಳುವ ತಂದೆತಾಯಿಯರಿಗೆ ಈಗ ಒಂದು ಮಾತು. ಮುಂದಿನ ಸೆಮಿಸ್ಟರ್‌ನಲ್ಲಿ ಆಸ್ತಿ ಹಕ್ಕಿನ ಪಾಠಕ್ಕೆ ಒಬ್ಬ ವಕೀಲರನ್ನು ಕರೆಸಬೇಕು, ಪೋಷಕರನ್ನೂ ಕೂರಿಸಿಕೊಳ್ಳಬೇಕು ಅಂತ ಪ್ರಾಂಶುಪಾಲರನ್ನು ಕೇಳಿದ್ದೇನೆ. ಒಪ್ಪಿಗೆ ಸಿಕ್ಕರೆ ಅಪ್ಪ, ಅಮ್ಮ ಇಬ್ಬರೂ ಬನ್ನಿ. ಅತ್ತೆಯರು ಬಂದರೂ ಸಂತೋಷ. ಬರುವಾಗ ನಿಮ್ಮ ಜಮೀನಿನ ಪಹಣಿಯ ಒಂದು ಜೆರಾಕ್ಸ್ ತನ್ನಿ.