ಗ್ರಿಲ್ ಮೇಲಿನ ಮಸಿ

ಬೆಳಿಗ್ಗೆ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಕಿಟಕಿ ಗ್ರಿಲ್ ಒರೆಸಿದೆ. ನಿನ್ನೆ ತಾನೇ ಒರೆಸಿದ್ದು. ಬಿಳಿ ಬಟ್ಟೆ ಒಂದೇ ಸಲಕ್ಕೆ ಕಪ್ಪಾಯಿತು. "ಅಮ್ಮಾ, ಇದನ್ನೇನಾ ನಾವು ಉಸಿರಾಡೋದು?" ಅಂದಳು ಮಗಳು. ಹೌದು ಅನ್ನಲು ಸಂಕಟವಾಯಿತು.

ಆದರೆ ಗಾಳಿಯಲ್ಲಿ ತೇಲುವ ಇಂಥ ಸಣ್ಣ ಕಣವೇ ಇಲ್ಲದಿದ್ದರೆ ಮೋಡವೂ ಇಲ್ಲ. ನೀರಾವಿಗೆ ಹನಿಯಾಗಲು ಒಂದು ಪುಟ್ಟ ಆಸರೆ ಬೇಕು. ಸಮುದ್ರದ ಉಪ್ಪೋ, ಧೂಳೋ, ಹೊಗೆಯೋ. ಸ್ಕಾಟ್ಲೆಂಡಿನ ವಿಜ್ಞಾನಿ ಜಾನ್ ಐಟ್ಕೆನ್ 1880ರ ಸುಮಾರಿಗೆ ಇದನ್ನು ತೋರಿಸಿದ. ಎರಡು ಗಾಜಿನ ಪಾತ್ರೆ. ಒಂದರಲ್ಲಿ ಮಾಮೂಲಿ ಗಾಳಿ, ಇನ್ನೊಂದರಲ್ಲಿ ಹತ್ತಿಯಲ್ಲಿ ಸೋಸಿದ ಗಾಳಿ. ಎರಡಕ್ಕೂ ಹಬೆ ಬಿಟ್ಟ. ಮೊದಲನೆಯದರಲ್ಲಿ ದಟ್ಟ ಮಂಜು. ಸೋಸಿದ್ದರಲ್ಲಿ ಏನೂ ಇಲ್ಲ! ಎಷ್ಟು ಚೆಂದದ ಪ್ರಯೋಗ, ಅಲ್ವಾ?

ಕಣ ಜಾಸ್ತಿಯಾದರೆ ಅದೇ ನೀರು ಇನ್ನೂ ಹೆಚ್ಚು ಹನಿಗಳಿಗೆ ಹಂಚಿಹೋಗುತ್ತದೆ. ಹನಿ ಸಣ್ಣದಾದಷ್ಟೂ ಮೋಡ ಬೆಳ್ಳಗಾಗುತ್ತದೆ, ಬಿಸಿಲನ್ನು ವಾಪಸ್ ಕಳಿಸುತ್ತದೆ. ಮಳೆಯೂ ತಡವಾಗಬಹುದು. ಮಸಿ ಮಾತ್ರ ಬಿಸಿಲು ಹೀರಿ ಸುತ್ತಲ ಗಾಳಿಯನ್ನೇ ಕಾಯಿಸುತ್ತದೆ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನವರು ಮಹಾಬಳೇಶ್ವರದ ಬೆಟ್ಟದ ಮೇಲೆ ಮೋಡ, ಕಣಗಳ ಅಧ್ಯಯನಕ್ಕೆಂದೇ ಪ್ರಯೋಗಾಲಯ ಇಟ್ಟಿದ್ದಾರೆ. ಮಳೆಗಾಲದಲ್ಲಿ ಮೋಡವೇ ಅಲ್ಲಿಗೆ ಇಳಿದು ಬರುತ್ತದೆ.

ಬಟ್ಟೆ ಮೂರು ಸಲ ಹಿಂಡಿ ಒಣಗಲು ಹಾಕಿದ್ದೇನೆ. ಕಲೆ ಇನ್ನೂ ಹೋಗಿಲ್ಲ.