ಟೇಬಲ್ ಸಾ: ವೈರ್ ಇರುವುದೋ, ಬ್ಯಾಟರಿಯದ್ದೋ?

ರಾಜಾಜಿನಗರದ ನಮ್ಮ ಮನೆಯ ತಾರಸಿಯ ಮೇಲೆ ಶೀಟು ಹೊದಿಸಿ ಮಾಡಿಕೊಂಡಿರುವ ಮರಗೆಲಸದ ಕೋಣೆಗೆ ಬಂದವರು, ನಡುವೆ ನಿಂತಿರುವ ಟೇಬಲ್ ಸಾ (ಮೇಜಿನ ಸೀಳಿನಿಂದ ಮೇಲೆದ್ದು ತಿರುಗುವ ಬ್ಲೇಡಿನ ಗರಗಸ) ನೋಡಿ ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: ‘ಈಗ ಬ್ಯಾಟರಿಯದ್ದೂ ಬಂದಿದೆಯಲ್ಲ ಸಾರ್, ಅದನ್ನೇ ತೆಗೆದುಕೊಳ್ಳಬಹುದಾ?’ ಬ್ಯಾಟರಿ ಡ್ರಿಲ್ಲಿನ ಸುಖ ಕಂಡವರಿಗೆ ಈ ಆಸೆ ಸಹಜವೇ. ಆದರೆ ಯಂತ್ರ ಒಂದೇ ಕಡೆ ನಿಲ್ಲುವುದಾದರೆ ವೈರ್ ಇರುವುದನ್ನೇ ಕೊಳ್ಳಿ, ಕರೆಂಟ್ ಇಲ್ಲದ ಜಾಗಗಳಿಗೆ ಅದನ್ನು ಹೊತ್ತೊಯ್ಯುವುದೇ ನಿಮ್ಮ ಕೆಲಸವಾಗಿದ್ದರೆ ಮಾತ್ರ ಬ್ಯಾಟರಿಯದ್ದನ್ನು ಯೋಚಿಸಿ ಎಂದೇ ನಾನು ಎಲ್ಲರಿಗೂ ಹೇಳುತ್ತೇನೆ.

ಡ್ರಿಲ್ ಒಂದು ತೂತಿಗೆ ಕೆಲವು ಸೆಕೆಂಡು ದುಡಿದು ಸುಮ್ಮನಾಗುತ್ತದೆ. ಟೇಬಲ್ ಸಾ ಹಾಗಲ್ಲ. ಆರಡಿಯ ಹಲಗೆಯನ್ನು ಉದ್ದಕ್ಕೆ ಸೀಳುವಾಗ ಅದು ಈ ತುದಿಯಿಂದ ಆ ತುದಿಯವರೆಗೂ ಬಿಡುವಿಲ್ಲದೆ ದುಡಿಯಬೇಕು. ಅಂಗಡಿಗಳಲ್ಲಿ ಸಿಗುವ 10 ಇಂಚಿನ ಬ್ಲೇಡಿನ ವೈರ್ ಯಂತ್ರಗಳು ಸಾಮಾನ್ಯವಾಗಿ 1,800ರಿಂದ 2,000 ವಾಟ್‌ನವು. ಇನ್ನೊಂದು ಕಡೆ, 54 ವೋಲ್ಟ್, 3 ಆಂಪಿಯರ್-ಗಂಟೆಯ ಬ್ಯಾಟರಿಯೊಳಗೆ ಇರುವುದು ಒಟ್ಟು 162 ವಾಟ್-ಗಂಟೆ. ಮೋಟಾರು ಒಂದೇ ಸಮನೆ 1,500 ವಾಟ್ ಎಳೆದರೆ ಅದು ಆರೂವರೆ ನಿಮಿಷದಲ್ಲಿ ಬರಿದಾಗುತ್ತದೆ. ಒಂದು ಕೊಯ್ತಕ್ಕೂ ಇನ್ನೊಂದಕ್ಕೂ ನಡುವೆ ಅಳತೆ ಹಾಕುವ ಬಿಡುವು ಇರುವುದರಿಂದ ಕೆಲಸ ಅದಕ್ಕಿಂತ ಹೆಚ್ಚು ಹೊತ್ತು ನಡೆಯುತ್ತದೆ, ನಿಜ. ಆದರೆ ಒಳಗಿರುವ ಶಕ್ತಿ ಇಷ್ಟೇ ಎಂಬುದು ಬದಲಾಗುವುದಿಲ್ಲ.

ಇದು ನನಗೆ ಚೆನ್ನಾಗಿ ಮನದಟ್ಟಾದದ್ದು ಕನಕಪುರ ರಸ್ತೆಯಾಚೆ ಗೆಳೆಯರೊಬ್ಬರು ಕಟ್ಟಿಸುತ್ತಿದ್ದ ತೋಟದ ಮನೆಯಲ್ಲಿ. ಅಲ್ಲಿಗೆ ಇನ್ನೂ ವಿದ್ಯುತ್ ಸಂಪರ್ಕ ಬಂದಿರಲಿಲ್ಲವಾದ್ದರಿಂದ ಎರವಲು ತಂದ ಬ್ಯಾಟರಿ ಸಾ ಮೇಲೆ ಒಂದು ವಾರ ಕೆಲಸ ಮಾಡಿದೆ. 18 ಎಂ.ಎಂ. ಪ್ಲೈವುಡ್ಡನ್ನು ಅದು ಬೆಣ್ಣೆಯಂತೆ ಕತ್ತರಿಸಿತು. ಒಂದೂವರೆ ಇಂಚು ದಪ್ಪದ ತೇಗದ ಹಲಗೆ ಕೊಟ್ಟಾಗ ಮಾತ್ರ ಅರ್ಧ ದಾರಿಯಲ್ಲಿ ಮೋಟಾರಿನ ದನಿ ಇಳಿಯುತ್ತ ಬಂತು. ನಾನು ತಳ್ಳುವ ವೇಗ ತಗ್ಗಿಸಿದೆ. ಹಾಗೆ ತಗ್ಗಿಸಿದ ಕಡೆಯಲ್ಲೆಲ್ಲ ಮರದ ಅಂಚಿನ ಮೇಲೆ ಕಂದು ಬಣ್ಣದ ಸುಟ್ಟ ಗೆರೆಗಳು ಉಳಿದವು. ತೇಗದಲ್ಲಿರುವ ಸಿಲಿಕಾ ಬ್ಲೇಡಿನ ಮೊನೆಯನ್ನು ಬೇಗ ಮೊಂಡು ಮಾಡುತ್ತದೆ, ಮೊಂಡು ಬ್ಲೇಡು ಬ್ಯಾಟರಿಯನ್ನು ಇನ್ನೂ ಬೇಗ ಕುಡಿಯುತ್ತದೆ. ಆದರೂ ಆ ಯಂತ್ರವಿಲ್ಲದೆ ಅಲ್ಲಿ ಕೆಲಸವೇ ಆಗುತ್ತಿರಲಿಲ್ಲ ಎಂಬುದನ್ನು ನಾನು ಕೃತಜ್ಞತೆಯಿಂದಲೇ ನೆನೆಯುತ್ತೇನೆ.

ಬ್ಲೇಡಿನ ಅಳತೆಯನ್ನೂ ಗಮನಿಸಬೇಕು. ಬ್ಯಾಟರಿ ಮಾದರಿಗಳಲ್ಲಿ ಹಲವಕ್ಕೆ 210 ಅಥವಾ 216 ಎಂ.ಎಂ. ಬ್ಲೇಡು ಇದ್ದು, ಅವು ಒಮ್ಮೆಗೆ 65ರಿಂದ 70 ಎಂ.ಎಂ. ಆಳ ಕೊಯ್ಯುತ್ತವೆ. ನಮ್ಮ ಮನೆಗಳ ದಾರಂದಕ್ಕೆ ಬಳಸುವ ಮೂರಿಂಚಿನ ತೇಗ ಎಂದರೆ 76 ಎಂ.ಎಂ.; ಹತ್ತಿಂಚಿನ ಬ್ಲೇಡು ಅದನ್ನು ಒಂದೇ ಸಲಕ್ಕೆ ದಾಟಿಸಬಲ್ಲದು, ಚಿಕ್ಕದರಲ್ಲಿ ಮರವನ್ನು ಮಗುಚಿ ಎರಡು ಸಲ ಕೊಯ್ಯಬೇಕು.

‘ಕರೆಂಟ್ ಹೋದರೆ?’ ಎಂಬುದು ಮುಂದಿನ ಪ್ರಶ್ನೆ. ಹೋದರೆ ಆ ಹೊತ್ತಿನಲ್ಲಿ ಉಜ್ಜುವ, ಜೋಡಿಸುವ ಕೆಲಸ ಮಾಡಬಹುದು. ಮನೆಯ ಯುಪಿಎಸ್‌ಗೆ ಮಾತ್ರ ಸಾ ಹಚ್ಚಬೇಡಿ. ಫ್ಯಾನು, ದೀಪಗಳಿಗಾಗಿ ಇಟ್ಟುಕೊಂಡದ್ದು ಆ ಹೊರೆ ತಾಳುವುದಿಲ್ಲ. 230 ವೋಲ್ಟ್‌ನಲ್ಲಿ 1,800 ವಾಟ್ ಎಂದರೆ ಸುಮಾರು 8 ಆಂಪಿಯರ್, ಆದ್ದರಿಂದ ದೀಪದ ಬೋರ್ಡಿನ 6 ಆಂಪಿಯರ್ ಸಾಕೆಟ್ ಬೇಡ, ಅರ್ಥಿಂಗ್ ಸರಿಯಾಗಿರುವ 16 ಆಂಪಿಯರ್‌ನದ್ದೇ ಬೇಕು. ಎಕ್ಸ್‌ಟೆನ್ಷನ್ ಬಳಸುವುದಾದರೆ ದಪ್ಪ ತಂತಿಯದ್ದನ್ನು ತಂದು ಸುರುಳಿಯನ್ನು ಪೂರ್ತಿ ಬಿಚ್ಚಿಡಿ, ಏಕೆಂದರೆ ಸುತ್ತಿಟ್ಟ ತಂತಿ ಬಿಸಿಯೇರುತ್ತದೆ.

ಬಹಳ ಜನ ಮರೆಯುವ ಮಾತೊಂದಿದೆ. ಸಾ ಪಕ್ಕದಲ್ಲಿ ಹುಡಿ ಎಳೆಯುವ ವ್ಯಾಕ್ಯೂಮ್ ಇರಲೇಬೇಕು. ಮರದ ಹುಡಿ ಕ್ಯಾನ್ಸರ್‌ಕಾರಕ ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಹೇಳಿದೆ. ಒಳ್ಳೆಯ ವ್ಯಾಕ್ಯೂಮ್‌ಗೆ ಹೇಗೂ ಒಂದು ವೈರ್ ಮೇಜಿನ ಬುಡಕ್ಕೆ ಬರುತ್ತದೆ. ಹಾಗಿರುವಾಗ ಸಾಗೆ ಮಾತ್ರ ವೈರ್ ಬೇಡವೆನ್ನುವುದರಿಂದ ಸಿಗುವ ಲಾಭವೇನೆಂದು ನನಗೆ ತಿಳಿಯದು.

ಖರ್ಚಿನ ಲೆಕ್ಕವೂ ಇದೇ ಕಡೆ ವಾಲುತ್ತದೆ. ವೈರ್ ಯಂತ್ರದಲ್ಲಿ ಮೋಟಾರಿಗೆ ಕರೆಂಟ್ ದಾಟಿಸುವ ಕಾರ್ಬನ್ ಬ್ರಷ್ ಸವೆದರೆ ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಅಂಗಡಿಗಳಲ್ಲಿ ಹೊಸದನ್ನು ತಂದು ಹಾಕಿ ಮುಂದುವರಿಯಬಹುದು. ಲಿಥಿಯಂ ಬ್ಯಾಟರಿ ಬಳಸದೆ ಇಟ್ಟರೂ ಮುದಿಯಾಗುತ್ತದೆ, ಒಂದು ಕಂಪನಿಯದ್ದು ಸಾಮಾನ್ಯವಾಗಿ ಇನ್ನೊಂದಕ್ಕೆ ಹೊಂದುವುದಿಲ್ಲ. ಅದೇ ಕಂಪನಿಯ ದೊಡ್ಡ ಬ್ಯಾಟರಿಗಳು ನಿಮ್ಮಲ್ಲಿ ಈಗಾಗಲೇ ಇದ್ದರೆ ಲೆಕ್ಕ ಬೇರೆ.

ಎರಡಕ್ಕೂ ಹಣ ಸಾಲದೆ ಮಾರ್ಬಲ್ ಕಟ್ಟರನ್ನು ಪ್ಲೈವುಡ್ ಹಲಗೆಯಡಿ ತಲೆಕೆಳಗಾಗಿ ಬಿಗಿದು ಕೆಲಸ ಮಾಡುವವರನ್ನು ಊರ ತುಂಬ ಕಟ್ಟಡಗಳಲ್ಲಿ ಕಾಣುತ್ತೇನೆ, ಕಂಡಾಗಲೆಲ್ಲ ಸಂಕಟವಾಗುತ್ತದೆ. ಅದರಲ್ಲಿ ಬ್ಲೇಡಿನ ಮೇಲೆ ಗಾರ್ಡ್ ಇಲ್ಲ, ಹಿಂದೆ ಸೀಳು ಮುಚ್ಚಿಕೊಳ್ಳದಂತೆ ತಡೆಯುವ ರೈವಿಂಗ್ ನೈಫ್ ಎಂಬ ಉಕ್ಕಿನ ಪಟ್ಟಿ ಇಲ್ಲ. ಸೀಳಿದ ಮರ ಬ್ಲೇಡನ್ನು ಹಿಸುಕಿಕೊಂಡಿತೆಂದರೆ ಹಲಗೆ ಎದೆಯತ್ತ ಹಾರಿ ಬರುತ್ತದೆ, ಕೈ ಬ್ಲೇಡಿನತ್ತ ಜಾರುತ್ತದೆ. ಅಂಗಡಿಗೆ ಹೋದಾಗ ವೋಲ್ಟು, ವಾಟು ಕೇಳುವ ಮೊದಲು ಬ್ಲೇಡಿನ ಹಿಂದೆ ನಿಂತಿರುವ ಆ ತೆಳ್ಳನೆಯ ಉಕ್ಕಿನ ಪಟ್ಟಿ ಬ್ಲೇಡಿನ ಜೊತೆಗೇ ಏರಿ ಇಳಿಯುತ್ತದೆಯೇ ನೋಡಿ. ಆಮೇಲೆ ಫೆನ್ಸನ್ನು (ಹಲಗೆಯನ್ನು ಒತ್ತಿ ನಡೆಸುವ ಪಕ್ಕದ ಪಟ್ಟಿಯನ್ನು) ಬಿಗಿದು, ಬ್ಲೇಡಿನ ಮುಂದಿನ ಹಲ್ಲಿನಿಂದಲೂ ಹಿಂದಿನ ಹಲ್ಲಿನಿಂದಲೂ ಅದಕ್ಕಿರುವ ದೂರವನ್ನು ಟೇಪಿನಿಂದ ಅಳೆಯಿರಿ. ಎರಡೂ ಅಳತೆ ಒಂದೇ ಬಾರದಿದ್ದರೆ, ಸರಿಹೊಂದಿಸಿ ತೋರಿಸುವಂತೆ ಅಂಗಡಿಯವರನ್ನೇ ಕೇಳಿ.